ವೈಯಕ್ತಿಕ ದಿವಾಳಿ: ತೊಂಡೇಬಾವಿ ಸೀಮೆಯ ಸಾಲಗಾರ ಅರ್ಜಿ ಹಾಕುವ ಮುನ್ನ

ತೀರಿಸಲಾಗದಷ್ಟು ಸಾಲ ಮೈಮೇಲೆ ಬಂದ ವ್ಯಕ್ತಿ ತನ್ನ ಆಸ್ತಿಪಾಸ್ತಿಯ ಪಟ್ಟಿಯನ್ನೂ ಸಾಲದ ಪಟ್ಟಿಯನ್ನೂ ನ್ಯಾಯಾಲಯದ ಮುಂದಿಟ್ಟು, ಇದ್ದದ್ದನ್ನು ಸಾಲ ಕೊಟ್ಟವರಿಗೆಲ್ಲ ಅವರವರ ಬಾಕಿಗೆ ತಕ್ಕಂತೆ ಹಂಚಿಸಿ, ಉಳಿದ ಋಣದಿಂದ ಬಿಡುಗಡೆ ಕೇಳುವ ಕಾನೂನುಕ್ರಮವೇ ವೈಯಕ್ತಿಕ ದಿವಾಳಿ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಕಡೆ ಇದನ್ನು ‘ಐಪಿ ಹಾಕುವುದು’ ಎನ್ನುತ್ತಾರೆ. ‘ಪಾಪರ್ ಎದ್ದ’, ‘ದಿವಾಳಿ ತೆಗೆದ’ ಎಂಬ ಮಾತುಗಳೂ ಬಳಕೆಯಲ್ಲಿವೆ. ಸಾಲ ಎಷ್ಟಾಯಿತು ಎಂಬುದನ್ನೇ ನೋಡಿ ಜನ ಈ ತೀರ್ಮಾನಕ್ಕೆ ಬರುವುದು ವಾಡಿಕೆ. ಐದು ಲಕ್ಷವಾದರೆ ಹೇಗೋ ಹೊಂದಿಸಬಹುದು, ಇಪ್ಪತ್ತು ಲಕ್ಷ ಮುಟ್ಟಿದರೆ ಐಪಿಯೇ ಗತಿ ಎಂಬ ಲೆಕ್ಕ ಅದು. ಈ ಲೆಕ್ಕವೇ ತಪ್ಪು ಎಂಬುದು ಈ ಲೇಖನದ ವಾದ. ಅರ್ಜಿಯಿಂದ ಪ್ರಯೋಜನವಾಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಸಾಲದ ಬಗೆ: ಯಾರ ಹೆಸರಲ್ಲಿ ಪಡೆದದ್ದು, ಏನನ್ನು ಅಡವಿಟ್ಟದ್ದು, ಯಾರು ಜಾಮೀನು ನಿಂತದ್ದು, ಚೆಕ್ಕು ಕೊಟ್ಟಿದೆಯೇ ಎಂಬ ಪ್ರಶ್ನೆಗಳು. ಹೀಗೆ ವಿಂಗಡಿಸಿ ನೋಡಿದಾಗ ಈ ಸೀಮೆಯ ಮನೆಗಳ ಸಾಲದಲ್ಲಿ ದೊಡ್ಡ ಪಾಲು ದಿವಾಳಿ ಕಾನೂನಿನ ಕೈಗೆ ಸಿಗದೆ ಹೊರಗೇ ಉಳಿಯುತ್ತದೆ. ಅಷ್ಟರಿಂದ ಆ ಹಾದಿ ಕೆಲಸಕ್ಕೆ ಬಾರದ್ದು ಎಂದಾಗುವುದಿಲ್ಲ. ಯಾರಿಗೆ ತಕ್ಕುದು ಎಂಬುದು ಸ್ಪಷ್ಟವಾಗುತ್ತದೆ.

ಸಾಲದ ಬಗೆಗಳನ್ನು ಅರಿಯಲು ಈ ಸೀಮೆಯ ದುಡಿಮೆಯನ್ನು ನೋಡಬೇಕು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೆರೆಗಳು ಒಣಗಿದ ಮೇಲೆ ಬೇಸಾಯವೆಲ್ಲ ಕೊಳವೆಬಾವಿಯ ಮೇಲೆ ನಿಂತಿತು. ಬೋರ್ ಕೊರೆಸಲು ಮಾಡಿದ ಸಾಲಕ್ಕೆ ನೀರು ಬಿದ್ದರೂ ಬೀಳದಿದ್ದರೂ ಬಡ್ಡಿ ನಿಲ್ಲುವುದಿಲ್ಲ. ಒಂದು ಬತ್ತಿದರೆ ಇನ್ನೊಂದು ಕೊರೆಸದೆ ತೋಟ ಉಳಿಯುವುದಿಲ್ಲ. ತೊಂಡೇಬಾವಿ ಗೌರಿಬಿದನೂರು ತಾಲ್ಲೂಕಿನ ಹೋಬಳಿ ಕೇಂದ್ರ. ರೈಲು ನಿಲ್ದಾಣವಿದೆ, ಎಸಿಸಿ ಕಂಪನಿಯ ಸಿಮೆಂಟ್ ಕಾರ್ಖಾನೆಯಿದೆ. ಹಾಗಾಗಿ ಇಲ್ಲಿನ ಸಾಲದ ಪಟ್ಟಿಯಲ್ಲಿ ಬೆಳೆಸಾಲ, ಬೋರ್ ಸಾಲಗಳ ಜೊತೆಗೆ ಲಾರಿ, ಟ್ರ್ಯಾಕ್ಟರ್ ಸಾಲವೂ ಸೇರುತ್ತದೆ. ಶಿಡ್ಲಘಟ್ಟದ್ದು ರೇಷ್ಮೆಯ ಬದುಕು. ಅಲ್ಲಿನ ರೀಲರ್, ಅಂದರೆ ನೂಲು ಬಿಚ್ಚಾಣಿಕೆದಾರ, ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಗೂಡಿಗೆ ಹಣ ಕಟ್ಟುವುದು ಇಂದು; ನೂಲು ಮಾರಿ ಹಣ ಕೈಗೆ ಬರುವುದು ಎಷ್ಟೋ ದಿನಗಳ ಮೇಲೆ. ಆ ನಡುವಿನ ಅವಧಿಯನ್ನು ತುಂಬುವುದು ಕೈಸಾಲ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು, ಬೆಳೆಗಾರ ಮತ್ತು ರೀಲರ್ ಇಬ್ಬರೂ ಬೀದಿಗಿಳಿದು ಹೋರಾಡಿದ್ದು ಈ ಸೀಮೆಯ ನೆನಪಿನಲ್ಲಿ ಹಸಿರಾಗಿದೆ. ದೆಹಲಿಯ ಒಂದು ಸಾಲಿನ ಆದೇಶಕ್ಕೆ ಇಲ್ಲಿನ ಪ್ರೋನೋಟುಗಳು ಬೆಟ್ಟವಾಗುತ್ತವೆ. ಆದ್ದರಿಂದ ಸಾಲ ತೀರಿಸಲಾಗದವನನ್ನೆಲ್ಲ ದುಂದುಗಾರ ಎಂದು ನೋಡುವ ಕಣ್ಣು ಇಲ್ಲಿನ ವಾಸ್ತವಕ್ಕೆ ಕುರುಡಾಗಿರುತ್ತದೆ.

ಈ ಸೀಮೆಯ ಇನ್ನೊಂದು ಬಗೆ ಸಂಘದ ಸಾಲ. ಕಿರುಸಾಲ ಕಂಪನಿಗಳು ಮಹಿಳೆಯರ ಗುಂಪಿಗೆ ಅಡಮಾನವಿಲ್ಲದೆ ಕೊಡುವ, ವಾರಕ್ಕೋ ತಿಂಗಳಿಗೋ ಕಂತು ಕಟ್ಟುವ ಈ ಸಾಲದಲ್ಲಿ ಒಬ್ಬರ ಕಂತಿಗೆ ಉಳಿದವರು ಹೊಣೆ. 2009ರಲ್ಲಿ ಕೋಲಾರದಲ್ಲಿ ಶುರುವಾಗಿ ಶಿಡ್ಲಘಟ್ಟ, ರಾಮನಗರ, ಮೈಸೂರುಗಳಿಗೆ ಹಬ್ಬಿದ ಬಿಕ್ಕಟ್ಟಿನಲ್ಲಿ ಸ್ಥಳೀಯ ಅಂಜುಮನ್ ಸಮಿತಿಗಳು ಕಂತು ಕಟ್ಟಬೇಡಿ ಎಂದು ಕರೆಕೊಟ್ಟವು. ಒಂದೇ ಮನೆಗೆ ಹಲವು ಕಂಪನಿಗಳು ಸಾಲ ಸುರಿದದ್ದು, ರೇಷ್ಮೆ ಕಸುಬು ಸೊರಗಿದ್ದು, ವಸೂಲಿಯ ಒತ್ತಡ ಹೆಚ್ಚಿದ್ದು ಎಲ್ಲವೂ ಅದಕ್ಕೆ ಕಾರಣವಾಗಿದ್ದವು. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿರ್ದೇಶನಗಳು ಆ ಪಾಠದ ಫಲ ಎನ್ನಬಹುದು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳುವಂತಿಲ್ಲ; ಎಲ್ಲ ಸಾಲಗಳ ಕಂತೂ ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ; ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಅರ್ಧದ ಮಿತಿ ಮೀರಿ ಸಾಲ ಕೊಟ್ಟ ಕಂಪನಿಯೂ ತಪ್ಪಿನಲ್ಲಿ ಪಾಲುದಾರ ಎಂಬ ಮಾತನ್ನು ಸಾಲ ಪಡೆದ ಹೆಂಗಸರು ಸಂಕೋಚವಿಲ್ಲದೆ ಆಡಬೇಕು.

ಇನ್ನು ಕಾನೂನು. ಭಾರತದಲ್ಲಿ ದಿವಾಳಿ ಎಂದ ಕೂಡಲೇ 2016ರ ಋಣಶೋಧನೆ ಮತ್ತು ದಿವಾಳಿ ಸಂಹಿತೆ ನೆನಪಾಗುತ್ತದೆ. ಕಂಪನಿಗಳಿಗೆ ಅದು ಜಾರಿಯಾಗಿದೆ. ವ್ಯಕ್ತಿಗಳಿಗೆಂದು ಅದರ ಮೂರನೇ ಭಾಗವಿದೆ. ಆದರೆ ಆ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೊಳಿಸಿದ್ದು ಕಂಪನಿಯ ಸಾಲಕ್ಕೆ ಖುದ್ದು ಜಾಮೀನು ನಿಂತವರ ಮಟ್ಟಿಗೆ ಮಾತ್ರ. ರೈತನಿಗೆ, ರೀಲರ್‌ಗೆ, ಲಾರಿ ಮಾಲೀಕನಿಗೆ, ಸಂಬಳದಾರನಿಗೆ ಇಂದಿಗೂ ಅನ್ವಯಿಸುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಹೊಸ ಸಂಹಿತೆ ಅದನ್ನು ರದ್ದುಪಡಿಸುವ ಕಲಮನ್ನು ಹೊಂದಿದ್ದರೂ ಆ ಕಲಮು ಜಾರಿಯಾಗಿಲ್ಲ. ಹಳೆಯ ಕಾಯ್ದೆಯಡಿಯೇ ಹೋಗಿ ಎಂದು ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಪ್ರಕಟಣೆಯನ್ನೂ ಕೊಟ್ಟಿತು. ಹಾಗಾಗಿ ತೊಂಡೇಬಾವಿಯವರ ಅರ್ಜಿ ಸಲ್ಲಬೇಕಾದ್ದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅಲ್ಲ, ಜಿಲ್ಲಾ ನ್ಯಾಯಾಲಯಕ್ಕೆ. ಯೂಟ್ಯೂಬ್ ನೋಡಿ, ಅಮೆರಿಕದಲ್ಲಿರುವ ನೆಂಟರ ಮಾತು ಕೇಳಿ ಕೆಲವರು ಬೇರೆಯೇ ಚಿತ್ರ ಕಟ್ಟಿಕೊಂಡಿರುತ್ತಾರೆ. ಅಮೆರಿಕದಲ್ಲಿ ಏಳನೇ ಅಧ್ಯಾಯದ ಅರ್ಜಿ ಬಿದ್ದ ಕ್ಷಣವೇ ವಸೂಲಿ ತಾನಾಗಿ ನಿಲ್ಲುತ್ತದೆ, ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಬಿಡುಗಡೆ ಸಿಗುತ್ತದೆ. ನಮ್ಮ 1920ರ ಕಾಯ್ದೆಯಲ್ಲಿ ಅರ್ಜಿ ಹಾಕಿದ ಮಾತ್ರಕ್ಕೆ ಏನೂ ನಿಲ್ಲುವುದಿಲ್ಲ. ನ್ಯಾಯಾಲಯ ದಿವಾಳಿಯೆಂದು ಘೋಷಿಸಿದ ಮೇಲಷ್ಟೇ ದಾವೆಗಳಿಗೆ ತಡೆ ಬರುತ್ತದೆ. ಆ ಘೋಷಣೆಗೆ ಇಷ್ಟೇ ದಿನ ಎಂಬ ಗಡುವನ್ನೂ ಕಾಯ್ದೆ ಹಾಕಿಲ್ಲ.

ಅರ್ಜಿಯ ಒಳಗೇನಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಸಹಿ ಹಾಕುವವರಲ್ಲಿ ಹಲವರು ಓದುವುದು ಕೊನೆಯ ಪುಟವನ್ನಷ್ಟೇ. ಸಾಲಗಾರ ತಾನೇ ಅರ್ಜಿ ಹಾಕಬೇಕಾದರೆ ಸಾಲ 500 ರೂಪಾಯಿ ಮುಟ್ಟಿರಬೇಕು, ಇಲ್ಲವೇ ಹಣದ ಡಿಕ್ರಿಯ ಅಮಲ್ಜಾರಿಯಲ್ಲಿ ಅವನ ಬಂಧನವೋ ಆಸ್ತಿಯ ಜಪ್ತಿಯೋ ಆಗಿರಬೇಕು. ತೀರಿಸಲು ಶಕ್ತಿಯಿಲ್ಲ ಎಂಬುದಕ್ಕೆ ಮೇಲ್ನೋಟದ ಪುರಾವೆ ಸಾಕು. ಸಾಲ ಕೊಟ್ಟವರ ಹೆಸರು, ವಿಳಾಸ, ಮೊತ್ತ, ಸ್ವಂತ ಆಸ್ತಿ ಎಲ್ಲೆಲ್ಲಿ ಏನೇನಿದೆ, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆದು, ಲೆಕ್ಕದ ಪುಸ್ತಕಗಳೊಂದಿಗೆ ಆಸ್ತಿಯನ್ನು ಒಪ್ಪಿಸಲು ಸಿದ್ಧನೆಂದು ಹೇಳಬೇಕು. ಒಮ್ಮೆ ಹಾಕಿದ ಅರ್ಜಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಹಿಂದೆಗೆದುಕೊಳ್ಳುವಂತಿಲ್ಲ. ಘೋಷಣೆಯಾದ ಕೂಡಲೇ ಆಸ್ತಿಯೆಲ್ಲ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರ್‌ನ ವಶ. ಬಿಡುಗಡೆ ಸಿಗುವವರೆಗೆ ಸಾಲಗಾರ ಹೊಸದಾಗಿ ಗಳಿಸಿದ ಆಸ್ತಿಯೂ, ಪಿತ್ರಾರ್ಜಿತವಾಗಿ ಬಂದ ಪಾಲೂ ಅತ್ತಲೇ ಹೋಗುತ್ತದೆ. ಉಳಿಯುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಜಪ್ತಿಯಿಂದ ಹೊರಗಿಟ್ಟ ವಸ್ತುಗಳು: ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಕಳಚಬಾರದ ಒಡವೆ, ಕುಶಲಕರ್ಮಿಯ ಉಪಕರಣ, ಬೇಸಾಯಗಾರನ ನೇಗಿಲು-ನೊಗ, ಬದುಕಿಗೆ ಬೇಕಾದ ದನ, ಬಿತ್ತನೆ ಕಾಳು, ಬೇಸಾಯಗಾರ ಅಥವಾ ಕೂಲಿಯವನು ವಾಸವಿರುವ ಸ್ವಂತ ಮನೆ. ಕೈಚರಕದಲ್ಲಿ ನೂಲು ತೆಗೆಯುವ ಕುಟುಂಬ ತನ್ನ ಚರಕವನ್ನು ಉಪಕರಣವೆಂದು ಉಳಿಸಿಕೊಳ್ಳಲು ವಾದಿಸಬಹುದು. ಕೂಲಿಯಾಳುಗಳನ್ನಿಟ್ಟು ನಡೆಸುವ ಘಟಕದ ಯಂತ್ರಗಳಿಗೆ ಆ ವಾದ ನಿಲ್ಲುವುದು ಕಷ್ಟ. ಜಮೀನಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಮನೆ, ದನ, ಕಾಳು ಉಳಿದು ಹೊಲ ಹೋದರೆ ರೈತನಿಗೆ ಉಳಿದದ್ದೇನು ಎಂಬ ಪ್ರಶ್ನೆಯನ್ನು ಆ ಕಾಯ್ದೆ ಕೇಳಿಕೊಳ್ಳಲೇ ಇಲ್ಲ.

ಘೋಷಣೆಯಿಂದಲೇ ಸಾಲ ಮನ್ನಾ ಆಯಿತೆಂದು ತಿಳಿಯುವುದು ಎಲ್ಲಕ್ಕಿಂತ ದುಬಾರಿ ತಪ್ಪು. ನ್ಯಾಯಾಲಯ ಗೊತ್ತುಮಾಡಿದ ಅವಧಿಯೊಳಗೆ ಬಿಡುಗಡೆಗೆಂದು ಇನ್ನೊಂದು ಅರ್ಜಿ ಹಾಕಬೇಕು. ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ, ಸಾಲಗಳೆಲ್ಲ ಮತ್ತೆ ಎದ್ದು ನಿಲ್ಲುತ್ತವೆ, ನಡುವೆ ಕಳೆದ ಕಾಲವನ್ನು ವಾಯಿದೆಯ ಲೆಕ್ಕದಿಂದ ಬಿಟ್ಟುಬಿಡುವುದರಿಂದ ಸಾಲ ಕೊಟ್ಟವರಿಗೆ ದಾವೆಯ ಅವಕಾಶವೂ ಉಳಿದಿರುತ್ತದೆ. ಬಿಡುಗಡೆಗೂ ಷರತ್ತುಗಳಿವೆ. ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಾದರೂ ಹುಟ್ಟದಿದ್ದರೆ, ಲೆಕ್ಕಪತ್ರ ಇಡದೆ ವ್ಯಾಪಾರ ಮಾಡಿದ್ದರೆ, ತೀರಿಸಲಾರೆನೆಂದು ಗೊತ್ತಿದ್ದೂ ಸಾಲ ಎತ್ತಿದ್ದರೆ, ಜೂಜು-ದುಂದಿನಿಂದ ಕೆಟ್ಟಿದ್ದರೆ ಪೂರ್ಣ ಬಿಡುಗಡೆಯನ್ನು ನಿರಾಕರಿಸಲೇಬೇಕು. ಎಂಟಾಣೆಯ ನಿಯಮಕ್ಕೆ ಒಂದು ವಿನಾಯಿತಿ ಇದೆ: ಕೊರತೆಗೆ ಸಾಲಗಾರನನ್ನು ನ್ಯಾಯವಾಗಿ ಹೊಣೆ ಮಾಡಲಾಗದ ಸಂದರ್ಭ. ಈ ಸೀಮೆಯ ಅರ್ಜಿಗಳ ಜೀವಾಳ ಇಲ್ಲಿದೆ ಎಂದು ನನ್ನ ಎಣಿಕೆ. ಬತ್ತಿದ ಬೋರ್ ಸಾಲಗಾರನ ಅವಿವೇಕವೋ ಅವನ ಕೈಮೀರಿದ ವಿಧಿಯೋ? ಕೊರೆದ ಯಂತ್ರದವರ ಬಿಲ್ಲು, ಎಷ್ಟು ಅಡಿ ಹೋಯಿತು ಎಂಬ ಲೆಕ್ಕ, ಕೇಸಿಂಗ್ ಪೈಪಿನ ರಸೀದಿ, ಆ ವರ್ಷ ತಾಲ್ಲೂಕನ್ನು ಬರಪೀಡಿತವೆಂದು ಘೋಷಿಸಿದ ಆದೇಶ ಇವುಗಳಿದ್ದರೆ ಉತ್ತರ ಒಂದು. ಬಾಯಿಮಾತು ಮಾತ್ರವಿದ್ದರೆ ಇನ್ನೊಂದು. ರೀಲರ್‌ಗೆ ಗೂಡಿನ ಮಾರುಕಟ್ಟೆಯ ಖರೀದಿ ಚೀಟಿಗಳು ಅದೇ ಕೆಲಸ ಮಾಡುತ್ತವೆ. ಬಿಡುಗಡೆ ಸಿಕ್ಕ ಮೇಲೂ ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ-ಮಕ್ಕಳ ಜೀವನಾಂಶ ಬೆನ್ನು ಬಿಡುವುದಿಲ್ಲ.

ಸಾಲದ ಬಗೆಯೇ ನಿರ್ಣಾಯಕ ಎಂಬ ಮಾತನ್ನು ಒಂದು ಊಹೆಯ ಲೆಕ್ಕದಿಂದ ಪರೀಕ್ಷಿಸಬಹುದು. ಶಿಡ್ಲಘಟ್ಟದ ರೀಲರ್ ಒಬ್ಬರ ಮನೆಯ ಸಾಲ ಒಟ್ಟು 14 ಲಕ್ಷ ಎಂದಿಟ್ಟುಕೊಳ್ಳೋಣ. ಪೇಟೆಯ ಮನೆಯನ್ನು ಅಡಮಾನ ಮಾಡಿ ಬ್ಯಾಂಕಿನಿಂದ ತಂದದ್ದು 6 ಲಕ್ಷ, ಒಡವೆ ಗಿರವಿಯಿಟ್ಟು 1.5 ಲಕ್ಷ, ಹೆಂಡತಿಯ ಹೆಸರಲ್ಲಿ ಮೂರು ಸಂಘಗಳ ಸಾಲ 1.5 ಲಕ್ಷ, ಚೆಕ್ಕು ಕೊಟ್ಟು ತಂದ ಕೈಸಾಲ 2 ಲಕ್ಷ, ಎತ್ತಿದ ಚೀಟಿಯ ಬಾಕಿ 1 ಲಕ್ಷ, ಪ್ರೋನೋಟಿನ ಮೇಲೆ 2 ಲಕ್ಷ. ಅಡಮಾನದ ಬ್ಯಾಂಕಿಗೆ ದಿವಾಳಿಯ ಗೊಡವೆಯೇ ಇಲ್ಲ. ಭದ್ರತೆ ಹೊಂದಿದ ಸಾಲಿಗನ ಹಕ್ಕನ್ನು 1920ರ ಕಾಯ್ದೆ ಮುಟ್ಟುವುದಿಲ್ಲ, 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟು ಬ್ಯಾಂಕು ತನ್ನ ದಾರಿ ಹಿಡಿಯಬಹುದು. (ಕೃಷಿ ಜಮೀನು ಸರ್ಫೇಸಿಯ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ರೈತರಿಗೆ ನೆನಪಿರಬೇಕು; ಆದರೂ ಪಹಣಿಯಲ್ಲಿ ನಮೂದಾದ ಬ್ಯಾಂಕಿನ ಋಣಭಾರ ದಿವಾಳಿಯಿಂದ ಅಳಿಯದು.) ಗಿರವಿಯ ಒಡವೆ ಆಗಲೇ ಸಾಲ ಕೊಟ್ಟವರ ಕೈಯಲ್ಲಿದೆ, ತಕ್ಕ ನೋಟಿಸು ಕೊಟ್ಟು ಅವರು ಮಾರಬಹುದು. ಸಂಘದ ಸಾಲ ಹೆಂಡತಿಯದು. ಗಂಡನ ಅರ್ಜಿಯಿಂದ ಅವರಿಗೆ ಬಿಡುಗಡೆಯಿಲ್ಲ. ಅವರೇ ಅರ್ಜಿ ಹಾಕಿದರೂ ಗುಂಪಿನ ಹೊಣೆ ಉಳಿದ ಹೆಂಗಸರ ತಲೆಗೆ ಬರುತ್ತದೆ, ಏಕೆಂದರೆ ಸಾಲಗಾರನಿಗೆ ಸಿಕ್ಕ ಬಿಡುಗಡೆ ಜೊತೆ ಹೊಣೆಗಾರರನ್ನೂ ಜಾಮೀನುದಾರರನ್ನೂ ಬಿಡಿಸುವುದಿಲ್ಲ. ಚೆಕ್ಕಿನ ಸಾಲ ಸಿವಿಲ್ ಬಾಕಿಯಾಗಿ ಪಟ್ಟಿಗೆ ಸೇರಬಹುದು, ಆದರೆ ಚೆಕ್ಕು ಅಮಾನ್ಯವಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ನಡೆಯುವ ಮೊಕದ್ದಮೆ ಬೇರೆ. ಅದಕ್ಕೆ ಎರಡು ವರ್ಷದವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ. ಹೊಸ ಸಂಹಿತೆಯಡಿ ವ್ಯಕ್ತಿಗೆ ಸಿಗುವ ತಡೆಯೂ ಚೆಕ್ ಮೊಕದ್ದಮೆಯನ್ನು ನಿಲ್ಲಿಸದು ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಕೊನೆಗೆ ದಿವಾಳಿ ನಿಜವಾಗಿ ಬಿಡಿಸುವುದು ಚೀಟಿ ಬಾಕಿ ಮತ್ತು ಪ್ರೋನೋಟು: 14 ಲಕ್ಷದಲ್ಲಿ 3 ಲಕ್ಷ. ಚೀಟಿಗೆ ಯಾರಾದರೂ ಜಾಮೀನು ಹಾಕಿದ್ದರೆ ಆ 1 ಲಕ್ಷವೂ ಅವರ ಮನೆಬಾಗಿಲಿಗೆ ಹೋಗುತ್ತದೆ. ಇದೇ 14 ಲಕ್ಷ ಪೂರ್ತಿ ಪ್ರೋನೋಟುಗಳ ಮೇಲಿದ್ದು, ಹಿಂದೆ ಬಿದ್ದವರು ಹತ್ತು ಜನರಿದ್ದರೆ ಅದೇ ಅರ್ಜಿ ಬದುಕನ್ನು ಮರಳಿ ಕೊಡಬಲ್ಲದು. ಮೊತ್ತ ಒಂದೇ, ಫಲ ಬೇರೆ.

ದಿವಾಳಿ ಎಂದರೇ ಮೋಸ, ಅದರ ಬಗ್ಗೆ ತಿಳಿವಳಿಕೆ ಕೊಡುವುದೇ ತಪ್ಪು ಎಂಬ ಆಕ್ಷೇಪ ಊರುಗಳಲ್ಲಿ ಬಲವಾಗಿದೆ. ಅದಕ್ಕೆ ಆಧಾರವಿಲ್ಲದಿಲ್ಲ. ಚೀಟಿ ನಡೆಸಿ ಹಣ ಗುಳುಂ ಮಾಡಿದವರು, ಆಸ್ತಿಯನ್ನು ಹೆಂಡತಿ-ಬಾಮೈದನ ಹೆಸರಿಗೆ ಬರೆದಿಟ್ಟು ಐಪಿ ಹಾಕಿದವರು ಕೊಟ್ಟ ಹೊಡೆತವನ್ನು ಸಣ್ಣ ಉಳಿತಾಯದ ಜನ ಮರೆಯಲಾರರು. ಆದರೆ ಕಾಯ್ದೆ ಅಂಥವರ ಪರ ನಿಂತಿಲ್ಲ. ಬೆಲೆ ಪಡೆಯದೆ ಮಾಡಿದ ಆಸ್ತಿ ವರ್ಗಾವಣೆ ಎರಡು ವರ್ಷದೊಳಗಿನದಾದರೆ ಅದನ್ನು ರದ್ದುಮಾಡಿಸಬಹುದು. ಒಬ್ಬ ಸಾಲಿಗನಿಗೆ ಮಾತ್ರ ಅನುಕೂಲವಾಗಲೆಂದು ಮೂರು ತಿಂಗಳೊಳಗೆ ಕೊಟ್ಟದ್ದನ್ನೂ ಹಿಂದಕ್ಕೆ ತರಿಸಬಹುದು. ಆಸ್ತಿ ಬಚ್ಚಿಟ್ಟು ಲೆಕ್ಕ ತಿದ್ದಿದವನಿಗೆ ಒಂದು ವರ್ಷದವರೆಗೆ ಸೆರೆಯಿದೆ. ರಾತ್ರೋರಾತ್ರಿ ಊರು ಬಿಡುವುದನ್ನು ಮರ್ಯಾದೆ ಉಳಿಸಿಕೊಂಡ ಹಾಗೆ ಎಂದುಕೊಳ್ಳುವವರಿದ್ದಾರೆ. ಸಾಲಿಗರಿಗೆ ಕೈಕೊಡಲು ಮನೆ ಬಿಟ್ಟು ಹೋಗುವುದೇ ಕಾಯ್ದೆಯ ಕಣ್ಣಲ್ಲಿ ದಿವಾಳಿ ಕೃತ್ಯ, ಅದನ್ನೇ ಹಿಡಿದು ಸಾಲ ಕೊಟ್ಟವರು ಅರ್ಜಿ ಹಾಕಬಹುದು. ಎಲ್ಲ ಲೆಕ್ಕ ಬಿಚ್ಚಿಟ್ಟು ನ್ಯಾಯಾಧೀಶರ ಮುಂದೆ ನಿಲ್ಲುವವನು ಓಡಿಹೋಗುವವನಿಗಿಂತ ಹೆಚ್ಚು ಪ್ರಾಮಾಣಿಕ. ಸಾಲದ ವಿಚಾರ ನ್ಯಾಯಪೀಠಕ್ಕೆ ಬರಬೇಕೆಂಬುದು ಈ ನಾಡಿಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಮಿತಾಕ್ಷರಾದಲ್ಲಿ ವಿವರಿಸಿದ ವ್ಯವಹಾರಗಳಲ್ಲಿ ಋಣಾದಾನಕ್ಕೆ ದೊಡ್ಡ ಸ್ಥಾನವಿದೆ.

ಇನ್ನೊಂದು ಕಡೆಯ ಆಕ್ಷೇಪ: ಇಷ್ಟು ಕಟ್ಟುಪಾಡು, ಇಷ್ಟು ಕಡಿಮೆ ಲಾಭ ಇದ್ದಮೇಲೆ ಯಾರೂ ಅರ್ಜಿ ಹಾಕಲೇಬಾರದಲ್ಲವೇ? ಹಾಗಲ್ಲ. ಅಡಮಾನವಿಲ್ಲದ ಸಾಲವೇ ಹೆಚ್ಚಾಗಿದ್ದು, ಹಲವು ಡಿಕ್ರಿಗಳು ಒಮ್ಮೆಗೇ ಅಮಲ್ಜಾರಿಗೆ ಬಂದು, ಜಪ್ತಿಯಾಗಬಲ್ಲ ಆಸ್ತಿ ಒಂದಿಷ್ಟಿದ್ದು, ಅದನ್ನು ಮೊದಲು ಬಂದ ಒಬ್ಬನೇ ಹೊಡೆದುಕೊಂಡು ಹೋಗುವ ಸ್ಥಿತಿಯಿದ್ದರೆ ದಿವಾಳಿ ಅರ್ಜಿ ಸಾಲಗಾರನಿಗೂ ನ್ಯಾಯ, ಉಳಿದ ಸಾಲಿಗರಿಗೂ ನ್ಯಾಯ. ಸಿವಿಲ್ ಬಂಧನದ ವಾರಂಟು ಹೊರಟವನಿಗೆ ರಕ್ಷಣಾ ಆದೇಶ ಕೇಳುವ ಅವಕಾಶವೂ ಇದೆ. ಆದರೆ ಜೈಲಿನ ಹೆದರಿಕೆಯೊಂದನ್ನೇ ಹಿಡಿದು ಅರ್ಜಿಗೆ ಓಡುವವರು ಮೊದಲು ಕಾನೂನನ್ನು ತಿಳಿಯಬೇಕು. ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪಿನಂತೆ, ತೀರಿಸುವ ಶಕ್ತಿಯಿದ್ದೂ ದುರುದ್ದೇಶದಿಂದ ತಪ್ಪಿಸಿಕೊಂಡವನನ್ನಲ್ಲದೆ, ನಿಜವಾಗಿ ಕೈ ಬರಿದಾದವನನ್ನು ಹಣದ ಡಿಕ್ರಿಗಾಗಿ ಸೆರೆಗೆ ಹಾಕುವಂತಿಲ್ಲ. ಹೆಂಗಸರನ್ನಂತೂ ಹಣದ ಡಿಕ್ರಿಗೆ ಬಂಧಿಸುವಂತೆಯೇ ಇಲ್ಲ. ಹಾಗೆಯೇ ಮನೆ, ಪಾತ್ರೆ, ದನದ ಹೊರತು ಏನೂ ಇಲ್ಲದ ಕೂಲಿಕಾರನಿಂದ ಕಾನೂನು ಕಸಿಯಬಲ್ಲದ್ದೇ ಬಹಳ ಕಡಿಮೆ. ಅವನಿಗೆ ಬೇಕಾದ್ದು ವಸೂಲಿಗಾರರ ಕಿರುಕುಳದಿಂದ ರಕ್ಷಣೆ, ದಿವಾಳಿಯ ಪಟ್ಟವಲ್ಲ. ವಸೂಲಿಗೆ ಬಂದವರ ಮಾತು ಎದೆಗೆ ನಾಟಿ ಜೀವವೇ ಬೇಡವೆನಿಸಿದವರಿಗೆ ಟೆಲಿ-ಮಾನಸ್‌ನ 14416 ಉಚಿತ ಸಂಖ್ಯೆಯಲ್ಲಿ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಕಂತು ತಪ್ಪುವುದು ಸಿವಿಲ್ ಬಾಕಿ ಅಷ್ಟೇ. ಅದಕ್ಕೆ ಪ್ರಾಣದ ಬೆಲೆ ಕಟ್ಟುವ ಅಧಿಕಾರ ಯಾರಿಗೂ ಇಲ್ಲ.

ಪಟ್ಟದ ಬೆಲೆಯೂ ಕಡಿಮೆಯಲ್ಲ. ಘೋಷಣೆ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಬಿಡುಗಡೆಯಾಗದ ದಿವಾಳಿ ಶಾಸಕನಾಗುವಂತಿಲ್ಲ, ಸ್ಥಳೀಯ ಸಂಸ್ಥೆಯ ಚುನಾಯಿತ ಹುದ್ದೆಯಲ್ಲೂ ಕೂರುವಂತಿಲ್ಲ. ತನ್ನ ಸ್ಥಿತಿ ತಿಳಿಸದೆ 50 ರೂಪಾಯಿ ಸಾಲ ಪಡೆದರೂ ಆರು ತಿಂಗಳವರೆಗೆ ಸೆರೆಯಾಗಬಹುದು. 1920ರಲ್ಲಿ 50 ರೂಪಾಯಿ ದೊಡ್ಡ ಮೊತ್ತವಾಗಿತ್ತು. ಇಂದು ದಿನಸಿ ಅಂಗಡಿಯ ಉದ್ರಿ ಪುಸ್ತಕದ ಒಂದು ಸಾಲು. ಉದ್ರಿಯ ಮೇಲೆಯೇ ನಡೆಯುವ ರೀಲಿಂಗ್ ಕಸುಬಿಗೆ ಇದು ಕುಣಿಕೆ. ಅದೇ ಕಾಯ್ದೆ ಕೂಲಿಯವರಿಗೆ ಕೊಡುವ ಆದ್ಯತೆಯನ್ನು ನೋಡಿ: ದಿವಾಳಿಯಾದ ಮಾಲೀಕನ ಆಸ್ತಿಯಲ್ಲಿ ಆಳಿನ ನಾಲ್ಕು ತಿಂಗಳ ಕೂಲಿಗೆ ಮೊದಲ ಹಕ್ಕಿದೆ, ಒಟ್ಟು 20 ರೂಪಾಯಿ ಮೀರದಂತೆ! ಬಿಸಿನೀರಿನ ತೊಟ್ಟಿಯಲ್ಲಿ ದಿನವಿಡೀ ಕೈ ಅದ್ದಿ ಗೂಡು ಬಿಚ್ಚುವ ಹೆಂಗಸಿಗೆ ಈ ಗಣರಾಜ್ಯದ ಕಾನೂನು 20 ರೂಪಾಯಿಯ ಭದ್ರತೆ ಕೊಡುತ್ತಿರುವುದು ನಾಚಿಕೆಗೇಡು.

ಸರ್ಕಾರದ ಮನ್ನಾ ಬರುತ್ತದೆ, ಕಾಯೋಣ ಎಂಬುದು ಮತ್ತೊಂದು ನಿಲುವು. ಅದಕ್ಕೂ ಇತಿಹಾಸವಿದೆ. ಮೈಸೂರು ಸಂಸ್ಥಾನದಲ್ಲಿ 1928ರಲ್ಲೇ ಬೇಸಾಯಗಾರರ ಋಣಭಾರ ತಗ್ಗಿಸುವ ಕಾಯ್ದೆ ಬಂದಿತ್ತು. ದೇವರಾಜ ಅರಸರ ಸರ್ಕಾರ 1976ರಲ್ಲಿ ಸಣ್ಣ ರೈತರು, ಭೂಹೀನ ಕೂಲಿಕಾರರು, ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ತೊಡೆಯಿತು. 2018ರ ಋಣ ಪರಿಹಾರ ಕಾಯ್ದೆ 2019ರ ಜುಲೈನಲ್ಲಿ ಜಾರಿಗೆ ಬಂದು, ವರ್ಷಕ್ಕೆ 1.2 ಲಕ್ಷ ರೂಪಾಯಿ ಆದಾಯದ ಮಿತಿಯೊಳಗಿನವರು 90 ದಿನದಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಲು ಹೇಳಿತು. ಬ್ಯಾಂಕು, ಸಹಕಾರ ಸಂಘದ ಸಾಲ ಅದರಲ್ಲಿರಲಿಲ್ಲ. 2018ರ ಬೆಳೆಸಾಲ ಮನ್ನಾ ಅದಕ್ಕೆ ತಿರುವುಮುರುವು: ಬ್ಯಾಂಕಿನ ಬೆಳೆಸಾಲಕ್ಕೆ ಕುಟುಂಬಕ್ಕೆ 2 ಲಕ್ಷ, ಸಹಕಾರಿ ಬೆಳೆಸಾಲಕ್ಕೆ 1 ಲಕ್ಷದವರೆಗೆ, ಕೈಸಾಲಕ್ಕೆ ಏನೂ ಇಲ್ಲ. ಕಿರುಸಾಲದ ಕಿರುಕುಳದ ಸುದ್ದಿಗಳು ರಾಜ್ಯವನ್ನು ಕಲಕಿದ ಮೇಲೆ 2025ರ ಫೆಬ್ರುವರಿ 12ರಂದು ರಾಜ್ಯಪಾಲರ ಅಂಕಿತ ಪಡೆದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ ಹತ್ತು ವರ್ಷದವರೆಗಿನ ಶಿಕ್ಷೆ ಇಟ್ಟಿತು. ಅದೂ ಸಾಲದಿಂದ ಬಿಡಿಸುವುದು ನೋಂದಣಿ, ಪರವಾನಗಿ ಇಲ್ಲದೆ ಸಾಲ ಕೊಟ್ಟವರಿಂದ ಪಡೆದ ದುರ್ಬಲರನ್ನು ಮಾತ್ರ. ಈ ಪರಿಹಾರಗಳೆಲ್ಲ ಒಂದು ಬಾಗಿಲನ್ನು ಒಂದು ಅವಧಿಗೆ ತೆರೆದು ಮುಚ್ಚುತ್ತವೆ. ಒಂದೇ ಮನೆಯಲ್ಲಿ ಐದು ಬಗೆಯ ಸಾಲವಿರುವಾಗ, ಐದನ್ನೂ ಒಟ್ಟಿಗೆ ಒಂದೇ ಮೇಜಿನ ಮೇಲೆ ತರಬಲ್ಲದ್ದು ದಿವಾಳಿ ಕ್ರಮವೊಂದೇ. ಅದರ ಈಗಿನ ರೂಪ ದುರ್ಬಲ ಎಂಬುದು ಅದನ್ನು ಸರಿಪಡಿಸಲು ಕಾರಣವಾಗಬೇಕು.

ಸರಿಪಡಿಸಿದರೆ ಯಾರೂ ಸಾಲ ಕೊಡುವುದಿಲ್ಲ ಎನ್ನುವವರಿಗೆ 2009ರ ಕಿರುಸಾಲ ಬಿಕ್ಕಟ್ಟು ಉತ್ತರ ಕೊಡುತ್ತದೆ. ಆಗ ಕಟ್ಟಬಲ್ಲವರು, ಕಟ್ಟಲಾರದವರು ಒಟ್ಟಿಗೇ ಕಂತು ನಿಲ್ಲಿಸಿದ್ದರಿಂದ ಸಾಲದ ಬಾಗಿಲು ಮುಚ್ಚಿತು. ಇಬ್ಬರನ್ನೂ ಬೇರ್ಪಡಿಸುವ ಸುಲಭ ಕಾನೂನುಕ್ರಮ ಇದ್ದಿದ್ದರೆ ಸಾಮೂಹಿಕ ನಿರಾಕರಣೆಗೆ ಅಷ್ಟು ಬಲ ಬರುತ್ತಿರಲಿಲ್ಲ. 2016ರ ಸಂಹಿತೆಯಲ್ಲಿ ‘ಹೊಸ ಆರಂಭ’ ಎಂಬ ಒಳ್ಳೆಯ ಅಧ್ಯಾಯವಿದೆ: ಬಡ ಸಾಲಗಾರನಿಗೆ 180 ದಿನ ವಸೂಲಿಗೆ ತಡೆ, ಬಳಿಕ ಬಿಡುಗಡೆ. ಆದರೆ ಮಿತಿಗಳು ಕೈಗೆಟುಕದಷ್ಟು ಕೆಳಗಿವೆ: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರಬಾರದು, ಜೊತೆಗೆ ಸ್ವಂತ ಮನೆ ಇರಬಾರದು. ಸರ್ಕಾರವೇ ಕಟ್ಟಿಸಿಕೊಟ್ಟ ಆಶ್ರಯ ಮನೆಯುಳ್ಳ ಕೂಲಿಕಾರ್ತಿ ಆ ಮನೆಯ ಕಾರಣದಿಂದಲೇ ಹೊರಗೆ! ಇಂಗ್ಲೆಂಡ್ ಇದೇ ಬಗೆಯ ಪರಿಹಾರದ ಮಿತಿಯನ್ನು 2024ರಲ್ಲಿ 50,000 ಪೌಂಡಿಗೆ ಏರಿಸಿ, ಅರ್ಜಿಯ ಶುಲ್ಕವನ್ನೂ ತೆಗೆದುಹಾಕಿತು. ಮಿತಿಗಳನ್ನು ಪರಿಷ್ಕರಿಸಿ, ವಾಸದ ಮನೆಯ ಷರತ್ತು ತೆಗೆದು, ಆ ಅಧ್ಯಾಯವನ್ನು ಜಾರಿಗೆ ತರುವುದು ಕೇಂದ್ರದ ಕೈಯಲ್ಲಿರುವ ಕೆಲಸ.

ಅಲ್ಲಿಯವರೆಗೆ ಅರ್ಜಿಗೆ ಮುನ್ನ ಮಾಡಬಹುದಾದ್ದು ಬಹಳಷ್ಟಿದೆ. ಬ್ಯಾಂಕು, ಸಹಕಾರ ಸಂಘಗಳು ಒಂದೇ ಕಂತಿನ ತೀರುವಳಿಗೆ ಒಪ್ಪುವುದುಂಟು. ಅದನ್ನು ಲೋಕ ಅದಾಲತ್‌ನಲ್ಲಿ ಮಾಡಿಕೊಂಡರೆ ಡಿಕ್ರಿಯ ಬಲ ಬರುತ್ತದೆ, ಮೇಲ್ಮನವಿಯ ಕಾಟವಿಲ್ಲ. ಅರ್ಜಿ ಹಾಕಿ ದಿವಾಳಿ ಘೋಷಣೆಯಾದ ಮೇಲೂ ರಾಜಿಯ ಬಾಗಿಲು ಮುಚ್ಚುವುದಿಲ್ಲ. ಸಾಲ ರುಜುವಾತಾದ ಸಾಲಿಗರಲ್ಲಿ ಸಂಖ್ಯೆಯಲ್ಲಿ ಹೆಚ್ಚಿನವರು, ಮೊತ್ತದಲ್ಲಿ ಮುಕ್ಕಾಲು ಪಾಲಿನವರು ಒಪ್ಪಿದರೆ 1920ರ ಕಾಯ್ದೆಯ 38ನೇ ಕಲಮಿನಡಿ ಕಡಿಮೆ ಮೊತ್ತಕ್ಕೆ ತೀರ್ಮಾನ ಮಾಡಿ ನ್ಯಾಯಾಲಯದ ಒಪ್ಪಿಗೆ ಪಡೆಯಬಹುದು. ವಕೀಲರು ಇದನ್ನು ಎತ್ತದಿದ್ದರೆ ಕಕ್ಷಿದಾರರೇ ಕೇಳಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಆದಾಯ ಎಷ್ಟೇ ಇದ್ದರೂ ಎಲ್ಲ ಮಹಿಳೆಯರಿಗೂ, ಪರಿಶಿಷ್ಟ ಜಾತಿ-ಪಂಗಡದವರಿಗೂ ಉಚಿತವಾಗಿ ವಕೀಲರು ಸಿಗುತ್ತಾರೆ. ಚಿಕ್ಕಬಳ್ಳಾಪುರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಯ ತಾಲ್ಲೂಕು ಸಮಿತಿಗಳಿಗೋ ಹೋಗುವಾಗ ಪಹಣಿ, ಪ್ರೋನೋಟಿನ ನಕಲು, ಸಂಘದ ಸಾಲದ ಕಾರ್ಡು, ಗಿರವಿ ಚೀಟಿ, ಬೋರಿನ ಬಿಲ್ಲು, ಬಂದ ನೋಟಿಸುಗಳು, ಯಾರ ಯಾರ ಬಳಿ ಖಾಲಿ ಚೆಕ್ಕು ಕೊಟ್ಟಿದೆ ಎಂಬ ಪಟ್ಟಿ ಜೊತೆಗಿರಲಿ.